ಮೀಸೆ ಮಣ್ಣಾಗುವ ಜಾಗ

ನಿಮ್ಮ ತಮ್ಮನಿಗೆ ಇಪ್ಪತ್ನಾಲ್ಕು ವರ್ಷ, ಮೊದಲಿನಿಂದಲೂ ಮೆತ್ತಗಿನ ಹುಡುಗ ಅಂತ ಬರೆದಿದ್ದೀರಿ. ಆರು ತಿಂಗಳಿಂದ ಬಾಕ್ಸಿಂಗ್‌ಗೆ ಹೋಗುತ್ತಿದ್ದಾನೆ. ತುಟಿ ಒಡೆದುಕೊಂಡು ಬಂದರೂ ಮರುದಿನ ಮತ್ತೆ ಹೋಗುತ್ತಾನೆ. ದುಡ್ಡು ಕೊಟ್ಟು ಏಟು ತಿನ್ನುವ ಆಸೆ ಯಾಕೆ ಬರುತ್ತದೆ, ಒಳಗೆ ಏನಾದರೂ ಸಿಟ್ಟು ಇದೆಯಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಬಾಕ್ಸಿಂಗ್ ಮಾಡಿದವನಲ್ಲ, ಕುಸ್ತಿಯವನು. ಮೈಸೂರಿನ ಒಂದು ಗರಡಿಯಲ್ಲಿ ಹದಿನಾರನೇ ವಯಸ್ಸಿನಿಂದ ಎಂಟು ವರ್ಷ ಮಣ್ಣಿನಲ್ಲಿ ಹೊರಳಿದ್ದೇನೆ. ಆದರೂ ನಿಮ್ಮ ತಮ್ಮ ಬೆಳಗಾದರೆ ಯಾಕೆ ಮತ್ತೆ ಎದ್ದು ಹೋಗುತ್ತಾನೆ ಅನ್ನುವುದು ನನಗೆ ಗೊತ್ತು ಅನ್ನಿಸುತ್ತದೆ.

ನಾನು ಸೇರಿದ್ದು ಹೆದರಿಕೆಯಿಂದ. ಕಾಲೇಜಿನ ದಾರಿಯಲ್ಲಿ ಮೂವರು ಹುಡುಗರು ನನ್ನ ಸೈಕಲ್ ತಡೆದು ನಿಲ್ಲಿಸುತ್ತಿದ್ದರು, ಜೇಬಿಗೆ ಕೈ ಹಾಕುತ್ತಿದ್ದರು. ಒಂದು ದಿನ ಕೆನ್ನೆಗೂ ಹೊಡೆದರು. ಮನೆಯಲ್ಲಿ ಹೇಳಲಿಲ್ಲ. ಮುಂದಿನ ವಾರ ಗರಡಿಯ ಬಾಗಿಲಲ್ಲಿ ನಿಂತಿದ್ದೆ. ಇದು ತುಂಬಾ ಹಳೆಯ ಕಾರಣ. ಜೂಡೋ ಕಟ್ಟಿದ ಜಪಾನಿನ ಕಾನೊ ಜಿಗೊರೊ ಕೂಡ ಗಿಡ್ಡ, ಸಣಕಲು ಹುಡುಗನಾಗಿದ್ದವರು. ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ತಾಳಲಾರದೆ ಜುಜುತ್ಸು ಅನ್ನುವ ಅಲ್ಲಿನ ಹಳೆಯ ಮಲ್ಲವಿದ್ಯೆಯ ಗುರುಗಳನ್ನು ಹುಡುಕಿಕೊಂಡು ಹೊರಟರು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಸ್ಥಾನದಲ್ಲಿ ಹನ್ನೆರಡು ಚಾಪೆ ಹಾಸಿ, ಬೆರಳೆಣಿಕೆಯ ಶಿಷ್ಯರ ಜೊತೆ ತಮ್ಮದೇ ಶಾಲೆ ಶುರು ಮಾಡಿದರು.

ಮೊದಲ ತಿಂಗಳು ಗರಡಿಯಲ್ಲಿ ಯಾರೂ ನನಗೆ ಒಂದು ಪಟ್ಟೂ ಹೇಳಿಕೊಡಲಿಲ್ಲ. ಬೆಳಗ್ಗೆ ಐದೂವರೆಗೆ ಹೋಗಿ ಆಂಜನೇಯನ ಪಟಕ್ಕೆ ಕೈ ಮುಗಿಯುವುದು, ಗುದ್ದಲಿ ಹಿಡಿದು ಮಟ್ಟಿ ಅಗೆಯುವುದು. ಮಟ್ಟಿ ಅಂದರೆ ಕುಸ್ತಿ ಆಡುವ ಕೆಮ್ಮಣ್ಣಿನ ಕಣ. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿರುತ್ತಾರೆ. ದಿನಾ ಅಗೆದು ಸಡಿಲ ಮಾಡದಿದ್ದರೆ ಅದು ಗಟ್ಟಿಯಾಗಿಬಿಡುತ್ತದೆ. "ನೀನು ಅಗೆಯೋ ಮಣ್ಣಿನ ಮೇಲೆ ಇನ್ನೊಬ್ಬ ಬೀಳ್ತಾನೆ, ನೋಡ್ಕೊಂಡು ಅಗಿ" ಅನ್ನುತ್ತಿದ್ದರು ನಮ್ಮ ಉಸ್ತಾದರು. ಆಮೇಲೆ ದಂಡ, ಬಸ್ಕಿ. ಮೆಟ್ಟಿಲು ಇಳಿಯುವಾಗ ತೊಡೆ ನಡುಗುತ್ತಿತ್ತು.

ಕೊನೆಗೆ ಒಂದು ದಿನ ಮಟ್ಟಿಗೆ ಇಳಿಸಿದರು. ನನ್ನನ್ನು ಕೆಡವಿದ್ದು ಹದಿಮೂರು ವರ್ಷದ ಹುಡುಗ. ನನ್ನ ತೋಳನ್ನು ತನ್ನ ಹೆಗಲ ಮೇಲೆ ಎಳೆದುಕೊಂಡ, ಸೊಂಟ ಕೊಟ್ಟ, ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ ಒಗೆದ. ಅದಕ್ಕೆ ಧೋಬಿ ಪಟ್ಟು ಅಂತಲೇ ಹೆಸರು. ಉಸಿರು ಕಟ್ಟಿತು. ಅಂಗಾತ ಬಿದ್ದವನಿಗೆ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಯಾರು ನಗುತ್ತಿದ್ದಾರೆ ಅಂತ ತಲೆ ತಿರುಗಿಸಿ ನೋಡಿದೆ. ಯಾರೂ ಈ ಕಡೆ ನೋಡುತ್ತಲೇ ಇರಲಿಲ್ಲ. ಆ ಹುಡುಗ ಕೈ ಕೊಟ್ಟು ಎಬ್ಬಿಸಿದ. ಒಂದು ಹಿಡಿ ಮಣ್ಣು ತೆಗೆದುಕೊಂಡು ನನ್ನ ಕತ್ತಿಗೆ, ತೋಳಿಗೆ ಸವರಿದ. ಬೆವರಿಗೆ ಹಿಡಿತ ಜಾರಬಾರದು ಅಂತ ಎದುರಾಳಿಯ ಮೈಗೆ ಹಾಗೆ ಮಣ್ಣು ಹಚ್ಚುತ್ತಾರೆ. "ಬಾ, ಇನ್ನೊಂದ್ಸಲ" ಅಂದ.

ಆ ದಿನ ಮನೆಗೆ ಹೋದಾಗ ಅಮ್ಮ ಹಿತ್ತಲಲ್ಲಿ ಬೆನ್ನಿಗೆ ನೀರು ಹಾಕುತ್ತಾ, "ಇವತ್ತು ಎಷ್ಟು ಸಲ ಬಿದ್ದೆ?" ಅಂತ ಕೇಳಿದಳು. ಬೆನ್ನೆಲ್ಲ ಕೆಂಪಾಗಿತ್ತಲ್ಲ, ಅವಳಿಗೆ ಗೊತ್ತಾಗಿತ್ತು. ಆಮೇಲೆ ಅದು ನಮ್ಮಿಬ್ಬರ ಲೆಕ್ಕವೇ ಆಯಿತು. ಮಣ್ಣು ಬರೀ ಮೊಣಕಾಲಿಗೆ, ಎದೆಗೆ ಮೆತ್ತಿದ್ದರೆ ಅವಳು ಸುಮ್ಮನೆ ನೀರು ಹಾಕುತ್ತಿದ್ದಳು. ಬೆನ್ನಿಗೆ ಮೆತ್ತಿದ್ದರೆ ಇನ್ನೊಂದು ಚೊಂಬು ಜಾಸ್ತಿ ಹಾಕಿ ಉಜ್ಜುತ್ತಿದ್ದಳು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮಲ್ಲಿ ಗಾದೆ ಇದೆ ಅಲ್ವಾ. ಸೋತರೂ ಸೋಲು ಒಪ್ಪದವನ ಬಗ್ಗೆ ಹೇಳುವ ಮಾತು. ಯೋಚನೆ ಮಾಡಿ ನೋಡಿ, ನಾವೆಲ್ಲ ದಿನವಿಡೀ ಮಾಡುವುದು ಅದನ್ನೇ. ಆಫೀಸಿನಲ್ಲಿ ತಪ್ಪಾದರೆ ಮೇಲ್ ಬರೆದು ಮುಚ್ಚುತ್ತೇವೆ. ಮದುವೆ ಮನೆಯಲ್ಲಿ ಸಂಬಳ ಕೇಳಿದರೆ ಮಾತು ತಿರುಗಿಸುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತು ಅನ್ನುತ್ತೇವೆ. ಮೀಸೆ ಒರೆಸಿಕೊಳ್ಳುವುದರಲ್ಲೇ ಸಾಕಾಗಿ ಹೋಗುತ್ತದೆ. ಮಟ್ಟಿಯಲ್ಲಿ ಅದು ನಡೆಯುವುದಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಷ್ಟೇ. ಎಲ್ಲರಿಗೂ ಕಾಣುತ್ತದೆ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಮರುಕ್ಷಣ ಇನ್ನೊಬ್ಬ ಬೀಳುತ್ತಾನೆ. ಎಂಟು ವರ್ಷ ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಆ ನಿರಾಳ. ನಿಮ್ಮ ತಮ್ಮನಿಗೂ ಅದೇ ಸಿಕ್ಕಿರಬಹುದು. ಮೆತ್ತಗಿನ ಹುಡುಗ ಅಂತ ಎಲ್ಲರೂ ಹೇಳಿ ಹೇಳಿ ಇಟ್ಟಿರುತ್ತಾರೆ. ತಾನು ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಅಂತ ಅವನೇ ಮುಟ್ಟಿ ನೋಡುವ ಜಾಗ ಅದೊಂದೇ ಇರಬಹುದು.

ಎಲ್ಲರ ಕಾರಣವೂ ಇದೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಗರಡಿಗೆ ಪೊಲೀಸ್ ಕೆಲಸದ ಆಸೆಗೆ ಬರುವವರಿದ್ದರು, ಅಪ್ಪ ಪೈಲ್ವಾನ್ ಅಂತ ಬರುವವರಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಮಣಿಪುರದ ಡಿಂಗ್ಕೊ ಸಿಂಗ್ ಚಿನ್ನ ಗೆದ್ದದ್ದನ್ನು ನೋಡಿ ಮೇರಿ ಕೋಮ್ ಬಾಕ್ಸಿಂಗ್‌ಗೆ ಇಳಿದರು. ತಮ್ಮ ನೆಲದವನೊಬ್ಬ ಗೆದ್ದರೆ ನಾನೂ ಗೆಲ್ಲಬಹುದು ಅನ್ನಿಸುತ್ತದೆ. ಇನ್ನು ಕೆಲವರಿಗೆ ಊರಿನ ಋಣ. ಮಹಾರಾಷ್ಟ್ರದ ಕುಸ್ತಿಪಟು ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ದುಡ್ಡಿಲ್ಲದಾಗ ಅವರ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟು ಕೊಟ್ಟರು. ಜಾಧವ್ ಕಂಚು ಗೆದ್ದು ಬಂದಾಗ ಎತ್ತಿನ ಗಾಡಿಗಳ ದೊಡ್ಡ ಮೆರವಣಿಗೆಯಲ್ಲಿ ಊರವರು ಕರೆದುಕೊಂಡು ಹೋದರು. ಆಮೇಲೆ ಅವರು ಕುಸ್ತಿ ಪಂದ್ಯ ನಡೆಸಿ ಆ ಸಾಲ ತೀರಿಸಿದರು.

ನಮ್ಮ ಜೆಟ್ಟಿಗಳನ್ನು ನೋಡಿ. ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಕೈಗೆ ಮೊನಚು ಮುಷ್ಟಿ ತೊಟ್ಟು ಇಬ್ಬಿಬ್ಬರು ಎದುರಾಗುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಕೆಲವೇ ಕ್ಷಣಗಳ ಆ ಕಾಳಗಕ್ಕೆ ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿ ಮನೆತನಗಳಿಗೆ ಅದು ತಲೆಮಾರಿನಿಂದ ಬಂದ ಸೇವೆ. ಗೆದ್ದವನು ಸೋತವನು ಅನ್ನುವುದಕ್ಕಿಂತ ನಮ್ಮ ಮನೆಯ ಸರದಿ ತಪ್ಪಬಾರದು ಅನ್ನುವುದೇ ದೊಡ್ಡದು.

ಸಿಟ್ಟಿನ ವಿಷಯ ಕೇಳಿದಿರಿ. ಸಿಟ್ಟು ಹೊತ್ತುಕೊಂಡು ಬರುವವರು ಖಂಡಿತ ಇದ್ದಾರೆ. ಆದರೆ ಅವರು ಹೆಚ್ಚು ದಿನ ಉಳಿದದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದವನು ಮೈ ಬಿಗಿ ಹಿಡಿಯುತ್ತಾನೆ, ಉಸಿರು ಹಿಡಿಯುತ್ತಾನೆ. ಎರಡು ಮೂರು ನಿಮಿಷದಲ್ಲಿ ಏದುಸಿರು ಬಿಡುತ್ತಾ ಕೂರುತ್ತಾನೆ. ಅವನ ಜೊತೆ ಆಡಲು ಬೇರೆಯವರೂ ಬರುವುದಿಲ್ಲ. ಜೊತೆಯವನಿಲ್ಲದೆ ಕುಸ್ತಿ ಕಲಿಯುವುದಕ್ಕೆ ಆಗುವುದೇ ಇಲ್ಲ.

ಆ ಮೂವರು ಹುಡುಗರನ್ನು ನಾನು ಹೊಡೆಯಲಿಲ್ಲ. ಗರಡಿಗೆ ಸೇರಿ ಏಳೆಂಟು ತಿಂಗಳಾದ ಮೇಲೆ ಒಂದು ಸಂಜೆ ಮತ್ತೆ ಸೈಕಲ್ ಹಿಡಿದರು. ನಾನು ಹ್ಯಾಂಡಲ್ ಬಿಡಲಿಲ್ಲ. ಮುಖ ನೋಡುತ್ತಾ ನಿಂತೆ. ಕೆಡವಿದರೆ ಬೀಳುತ್ತೇನೆ, ದಿನಾ ಬೀಳುತ್ತೇನಲ್ಲ ಅನ್ನುವುದು ಬಿಟ್ಟರೆ ತಲೆಯಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಒಡೆದ ತುಟಿ ವಾಸಿಯಾಗುತ್ತದೆ, ತಲೆಗೆ ಬಿದ್ದ ಏಟು ಹಾಗಲ್ಲ. ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು ಕಂಡರೆ ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರು ಸರಿ ಅನ್ನುವ ತನಕ ರಿಂಗಿಗೆ ಇಳಿಯಲು ಬಿಡಬೇಡಿ. ಕಲಿಸುವವರು ಹೊಸಬರನ್ನು ಯಾರ ಎದುರು ನಿಲ್ಲಿಸುತ್ತಾರೆ ಅನ್ನುವುದನ್ನು ಒಂದು ದಿನ ಹೋಗಿ ನೋಡಿ ಬನ್ನಿ.

ಅವನು ಮನೆಗೆ ಬಂದಾಗ ಗೆದ್ದೆಯಾ ಸೋತೆಯಾ ಅಂತ ಕೇಳಬೇಡಿ. ಇವತ್ತು ಯಾರ ಜೊತೆ ಆಡಿದೆ ಅಂತ ಕೇಳಿ. ನನ್ನನ್ನು ಮೊದಲ ದಿನ ಕೆಡವಿದ ಆ ಹುಡುಗ ಈಗಲೂ ಯುಗಾದಿಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಅಮ್ಮ ಅವನಿಗೆ ಒಂದು ಹೋಳಿಗೆ ಜಾಸ್ತಿ ಹಾಕುತ್ತಾಳೆ.