ಬೀಜಿಂಗ್‌ನಲ್ಲಿ ಮನೆ ಹತ್ತಿರದ ಸಣ್ಣ ಹೋಟೆಲ್‌ನಲ್ಲಿ ಊಟ ಮಾಡಬಹುದಾ? ಮಾಂಸ ತಿನ್ನದವರು ಏನು ಕೇಳಬೇಕು?

ನೀವು ಆಫೀಸಿನ ಕೆಲಸದ ಮೇಲೆ ಒಂದು ವರ್ಷಕ್ಕೆ ಬೀಜಿಂಗ್‌ಗೆ ಹೊರಟಿದ್ದೀರಿ. ಮೊಟ್ಟೆ ತಿನ್ನುತ್ತೀರಿ, ಮಾಂಸ-ಮೀನು ಇಲ್ಲ. ಮನೆಯವರು ಎಲ್ಲ ತಿನ್ನುತ್ತಾರೆ. ಜೊತೆಗೆ ನಾಲ್ಕು ವರ್ಷದ ಮಗಳು. ಮನೆ ಪಕ್ಕದ ಸಣ್ಣ ಹೋಟೆಲ್‌ಗಳಿಗೆ ಹೋಗಬಹುದಾ, ಇಲ್ಲ ಮೊದಲೇ ಒಂದು ಇಂಡಿಯನ್ ರೆಸ್ಟೋರೆಂಟ್ ನೋಡಿಟ್ಟುಕೊಳ್ಳಬೇಕಾ ಅಂತ ಕೇಳಿದ್ದೀರಿ.

ಹೋಗಿ. ಬಂದ ವಾರದಲ್ಲೇ ಹೋಗಿ. ನಾನು ಗದಗ ಕಡೆಯವಳು, ಬೀಜಿಂಗ್‌ನ ವಾಂಗ್‌ಜಿಂಗ್ ಬಡಾವಣೆಯಲ್ಲಿ ಮನೆ ಮಾಡಿಕೊಂಡು ಕೆಲವು ವರ್ಷ ಇದ್ದೆ. ಮಾಂಸ ಮುಟ್ಟದೆ ಅಲ್ಲಿ ಹೊಟ್ಟೆತುಂಬ, ರುಚಿಯಾಗಿ ಉಂಡಿದ್ದೇನೆ. ಆ ಊಟವನ್ನು ಕೊಟ್ಟದ್ದು ದೊಡ್ಡ ಹೆಸರಿನ ರೆಸ್ಟೋರೆಂಟ್‌ಗಳಲ್ಲ, ನಮ್ಮ ಅಪಾರ್ಟ್‌ಮೆಂಟಿನ ಗೇಟಿನಾಚೆ ಇದ್ದ ಎಂಟು-ಹತ್ತು ಮೇಜಿನ ಹೋಟೆಲ್.

ಚೈನೀಸ್ ಅಂದ ಕೂಡಲೇ ನಮಗೆ ನೆನಪಾಗುವ ಗೋಬಿ ಮಂಚೂರಿ, ಹಕ್ಕಾ ನೂಡಲ್ಸ್ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಅದು ದಕ್ಷಿಣ ಚೀನಾದಿಂದ ಬಂದು ಕೋಲ್ಕತ್ತಾದಲ್ಲಿ ನೆಲೆಸಿದ ಹಕ್ಕಾ ಜನರ ಕೈಯಡುಗೆ ನಮ್ಮ ಖಾರ-ಮಸಾಲೆ ಸೇರಿ ಬೆಳೆದದ್ದು. ಬೀಜಿಂಗ್‌ನ ಊಟದ ನೆಲವೇ ಬೇರೆ. ಛಿನ್‌ಲಿಂಗ್ ಬೆಟ್ಟಸಾಲು, ಹ್ವಾಯ್ ನದಿ, ಇವೆರಡನ್ನು ಸೇರಿಸಿ ಗೆರೆ ಎಳೆದರೆ ಅದರ ಕೆಳಗೆ ಅಕ್ಕಿ, ಮೇಲೆ ಗೋಧಿ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯ ಗೆರೆಯೂ ಹೆಚ್ಚುಕಡಿಮೆ ಅದೇ. ಮೇಲಿನದು ಒಣನೆಲ, ಚಳಿಯ ನೆಲ. ಗೋಧಿ ಪಶ್ಚಿಮದಿಂದ ಅಲ್ಲಿಗೆ ಬರುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಅಲ್ಲಿನ ಜನ ನವಣೆ ಬೆಳೆಯುತ್ತಿದ್ದರು. ನಮ್ಮ ಕಡೆ ಹಬ್ಬದಲ್ಲಿ ಹೋಳಿಗೆ, ಉಂಡೆ ಮಾಡುವ ಅದೇ ನವಣೆಯನ್ನು ಮೊದಲು ಬಿತ್ತಿ ಪಳಗಿಸಿದ್ದು ಉತ್ತರ ಚೀನಾದಲ್ಲೇ. ಇವತ್ತಿಗೂ ಬೆಳಗಿನ ಹೋಟೆಲ್‌ಗಳಲ್ಲಿ ನವಣೆ ಗಂಜಿ ಕುದಿಯುತ್ತಿರುತ್ತದೆ. ಜೋಳವನ್ನು ನಾವು ರೊಟ್ಟಿಗೆ ಬಳಸಿದರೆ ಅವರು ಅದರಿಂದ ವಿನೆಗರ್ ಇಳಿಸುತ್ತಾರೆ, ಸಾರಾಯಿ ಭಟ್ಟಿ ಇಳಿಸುತ್ತಾರೆ. ಬಯಲುಸೀಮೆಯವರಿಗೆ ಈ ಊಟ ಬೇಗ ಒಗ್ಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಮೊದಲು ಜಿಯಾವ್‌ಜ ಅಂಗಡಿಗೆ ಹೋಗಿ. ಗೋಧಿ ಹಿಟ್ಟಿನ ತೆಳ್ಳನೆ ಹಾಳೆಯೊಳಗೆ ಹೂರಣ ತುಂಬಿ ನೀರಿನಲ್ಲಿ ಬೇಯಿಸಿದ್ದು. ಹಬೆಯಲ್ಲಿ ಬೇಯಿಸಿದ್ದು, ತಳ ಗರಿಗರಿಯಾಗುವಂತೆ ಬಾಣಲೆಯಲ್ಲಿ ಹುರಿದದ್ದೂ ಸಿಗುತ್ತದೆ. ಆದರೆ ಉತ್ತರದವರ ಮನೆ-ಮನದ ಜಿಯಾವ್‌ಜ ಅಂದರೆ ನೀರಿನಲ್ಲಿ ಬೆಂದದ್ದೇ. ಇದನ್ನು ಹಲವು ಹೋಟೆಲ್‌ಗಳಲ್ಲಿ ಪ್ಲೇಟಿನ ಲೆಕ್ಕದಲ್ಲಿ ಕೊಡುವುದಿಲ್ಲ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಲಿಯಾಂಗ್ ಅಂದರೆ 50 ಗ್ರಾಂ. ಅದು ಹೂರಣ ಸೇರಿದ ತೂಕವಲ್ಲ, ಹಿಟ್ಟಿನ ತೂಕ. ಒಂದು ಲಿಯಾಂಗ್‌ಗೆ ಸಾಮಾನ್ಯವಾಗಿ ಐದಾರು ಬರುತ್ತವೆ. ಒಬ್ಬರಿಗೆ ಮೂರು ಲಿಯಾಂಗ್ ಧಾರಾಳ. ನಾಲ್ಕು ಮಂದಿ ಹೋಗಿ ನಾಲ್ಕು ಬಗೆ ಹೂರಣ ಹಂಚಿಕೊಂಡು ತಿನ್ನುವುದು ಇದರ ಸುಖ.

ನಿಮಗೆ ಬೇಕಾದ ಹೂರಣಗಳನ್ನು ಹೇಳುತ್ತೇನೆ. ಜಿಯೂಛಾಯ್ ಜೀದಾನ್ ಅಂದರೆ ಬೆಳ್ಳುಳ್ಳಿ ವಾಸನೆಯ ಚಪ್ಪಟೆ ಎಲೆಯ ಸೊಪ್ಪು ಮತ್ತು ಮೊಟ್ಟೆ. ಇದು ಎಲ್ಲ ಅಂಗಡಿಯಲ್ಲೂ ಇರುತ್ತದೆ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹೂರಣವೇ ಇಲ್ಲ. ಶೀಹುಲು ಜೀದಾನ್ ಅಂದರೆ ಎಳೆ ಜುಕಿನಿ ಮತ್ತು ಮೊಟ್ಟೆ, ಮಕ್ಕಳಿಗೆ ಹಿತ. ಕೆಲವು ಕಡೆ ಟೊಮೆಟೊ-ಮೊಟ್ಟೆಯದೂ ಮಾಡುತ್ತಾರೆ, ಕಚ್ಚಿದಾಗ ಬಿಸಿ ರಸ ಚಿಮ್ಮುತ್ತದೆ, ಮಗಳಿಗೆ ಆರಿಸಿ ಕೊಡಿ. ಒಂದು ಎಚ್ಚರಿಕೆ: ಸಸ್ಯಾಹಾರಿ ಅಂತ ಬರೆದ ಹೂರಣದಲ್ಲೂ ಶಿಯಾಫೀ ಎಂಬ ಒಣಗಿದ ಪುಟ್ಟ ಸಿಗಡಿ ಬೆರೆಸುವ ರೂಢಿ ಇದೆ. ಕಣ್ಣಿಗೆ ಬೀಳದಷ್ಟು ಸಣ್ಣದು. ಕೇಳಿಯೇ ಆರ್ಡರ್ ಮಾಡಿ. ಇನ್ನೊಂದನ್ನೂ ಮೊದಲೇ ಹೇಳಿಬಿಡಬೇಕು. ಹಂದಿಮಾಂಸದ ಜಿಯಾವ್‌ಜ ಬೇಯುವ ಹಂಡೆಯಲ್ಲೇ ನಿಮ್ಮದೂ ಬೇಯುತ್ತದೆ. ಅದು ನಿಮಗೆ ಆಗದ ಮಾತಾದರೆ ಇಂಥ ಅಂಗಡಿ ಬೇಡ. ಯೋಂಗ್‌ಹೆಗೋಂಗ್ ಲಾಮಾ ದೇವಾಲಯದ ಸುತ್ತಮುತ್ತ ಬೌದ್ಧ ಪದ್ಧತಿಯ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳಿವೆ, ಅಲ್ಲಿಗೆ ಹೋಗಿ.

ಮೇಜಿನ ಮೇಲೆ ವಿನೆಗರ್ ಬಾಟಲಿ, ಮೆಣಸಿನೆಣ್ಣೆ, ಒಂದು ಬಟ್ಟಲಿನಲ್ಲಿ ಹಸಿ ಬೆಳ್ಳುಳ್ಳಿ ಇರುತ್ತದೆ. ಸಣ್ಣ ತಟ್ಟೆಗೆ ವಿನೆಗರ್ ಸುರಿದುಕೊಂಡು ಅದರಲ್ಲಿ ಅದ್ದಿ ತಿನ್ನಿ. ಸೋಯಾ ಸಾಸ್ ತುಂಬ ಸುರಿದರೆ ಹೂರಣದ ರುಚಿ ಸತ್ತುಹೋಗುತ್ತದೆ. ಶಾನ್‌ಶಿ ಪ್ರಾಂತ್ಯದ ಹಳೆ ವಿನೆಗರ್ ಇದ್ದರೆ ಅದನ್ನೇ ಬಳಸಿ. ಕಪ್ಪಗೆ, ಗಾಢವಾಗಿ, ಹುಳಿಯ ಹಿಂದೆ ಒಂದು ಸಣ್ಣ ಸಿಹಿ ಇಟ್ಟುಕೊಂಡಿರುತ್ತದೆ. ಜೋಳದಿಂದ ಮಾಡುತ್ತಾರೆ ಅಂದೆನಲ್ಲ, ಅದು ಇದೇ. ಹಸಿ ಬೆಳ್ಳುಳ್ಳಿ ಎಸಳನ್ನು ಜಿಯಾವ್‌ಜ ಜೊತೆ ಕಚ್ಚಿಕೊಂಡು ತಿನ್ನುವವರನ್ನು ನೋಡಿ ಹಿಂಜರಿಯಬೇಡಿ, ನೀವೂ ಕಚ್ಚಿ ನೋಡಿ. ಚಳಿಗಾಲದ ಕೊನೆಗೆ ಬಂದರೆ ವಿನೆಗರ್‌ನಲ್ಲಿ ಊರಿ ಹಸಿರಾದ ಬೆಳ್ಳುಳ್ಳಿ ಇಡುತ್ತಾರೆ. ಅವರ ಪಂಚಾಂಗದ ಹನ್ನೆರಡನೇ ತಿಂಗಳ ಎಂಟನೇ ದಿನ ಊರುಹಾಕುವುದು ಪದ್ಧತಿ. ಖಾರ ಇಳಿದು, ಹುಳಿ ಏರಿ, ಎಸಳು ಪಚ್ಚೆ ಬಣ್ಣಕ್ಕೆ ತಿರುಗಿರುತ್ತದೆ. ಊಟ ಮುಗಿಯುವಾಗ ಜಿಯಾವ್‌ಜ ಬೆಂದ ನೀರನ್ನೇ ಬಟ್ಟಲಲ್ಲಿ ಕೇಳಿ ಕುಡಿಯುತ್ತಾರೆ, ಅದರಿಂದ ತಿಂದದ್ದು ಚೆನ್ನಾಗಿ ಅರಗುತ್ತದೆ ಅನ್ನುವುದು ಅವರ ನಂಬಿಕೆ. ದುಡ್ಡಿಲ್ಲದೆ ಕೊಡುತ್ತಾರೆ. ಅದೇ ಹಂಡೆಯ ನೀರು ಅನ್ನುವುದು ನೆನಪಿರಲಿ.

ಇನ್ನು ಪಲ್ಯಗಳ ಕಡೆಗೆ. ನೆರೆಹೊರೆಯ ಹೋಟೆಲ್‌ಗಳಲ್ಲಿ, ಅದರಲ್ಲೂ ದೊಂಗ್‌ಬೇ ಅಂದರೆ ಈಶಾನ್ಯ ಪ್ರಾಂತ್ಯದವರು ನಡೆಸುವ ಹೋಟೆಲ್‌ಗಳಲ್ಲಿ, ತರಕಾರಿ ಬಡತನ ಇಲ್ಲವೇ ಇಲ್ಲ. ದೀ ಸಾನ್ ಶಿಯೆನ್ ಕೇಳಿ: ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಮೂರನ್ನೂ ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿ ಮತ್ತು ಸೋಯಾ ಸಾಸ್‌ನಲ್ಲಿ ಹೊರಳಿಸಿದ್ದು. ಹೊರಗೆ ಹೊಳೆಯುವ ಬದನೆ ಒಳಗೆ ಬೆಣ್ಣೆಯಾಗಿರುತ್ತದೆ. ಥೂದೌ ಸ ಅಂದರೆ ಕಡ್ಡಿಯಂತೆ ಸಣ್ಣಗೆ ಹೆಚ್ಚಿ, ಪಿಷ್ಟ ತೊಳೆದು, ದೊಡ್ಡ ಉರಿಯಲ್ಲಿ ವಿನೆಗರ್ ಹಾಕಿ ಹಾರಿಸಿದ ಆಲೂಗಡ್ಡೆ. ಪೂರ್ತಿ ಬೇಯಿಸುವುದಿಲ್ಲ, ಕರುಕುರು ಅನ್ನಬೇಕು. ಬೇಯಲಿಲ್ಲ ಅಂತ ವಾಪಸ್ ಕಳಿಸಬೇಡಿ. ಫಾಯ್ ಹ್ವಾಂಗ್‌ಗ್ವಾ ಅಂದರೆ ಚಾಕುವಿನ ಅಗಲದಿಂದ ಜಜ್ಜಿದ ಸೌತೆಕಾಯಿ, ಬೆಳ್ಳುಳ್ಳಿ, ವಿನೆಗರ್, ಎಳ್ಳೆಣ್ಣೆ. ಟೊಮೆಟೊ-ಮೊಟ್ಟೆ ಹುರಿದದ್ದು ಅವರ ಮನೆಮನೆಯ ಅಡುಗೆ. ಇವು ನಾಲ್ಕಿದ್ದರೆ ಒಂದು ವರ್ಷ ದೂಡಬಹುದು. ಜಿಯೂಛಾಯ್ ಹಜ ಸಿಕ್ಕರೆ ಬಿಡಬೇಡಿ. ಅದೇ ಸೊಪ್ಪು-ಮೊಟ್ಟೆಯನ್ನು ಹಿಟ್ಟಿನಲ್ಲಿ ಮಡಚಿ ಕಾವಲಿಯ ಮೇಲೆ ಬೇಯಿಸಿದ್ದು, ನಮ್ಮ ಕರಿಗಡಬಿನ ಆಕಾರ, ಅಂಗೈಯಗಲ.

ತೊಡಕು ಎಲ್ಲಿದೆ ಅಂದರೆ, ಹೆಸರಿನಲ್ಲಿ ತರಕಾರಿ ಇದ್ದು ಒಳಗೆ ಮಾಂಸ ಇರುವ ಅಡುಗೆಗಳಲ್ಲಿ. ಹುರುಳಿಕಾಯಿಯನ್ನು ಒಣಗಲು ಹುರಿದ ಗಾನ್‌ಬಿಯೆನ್ ದೌಜಿಯಾವ್‌ಗೆ ಕೊಚ್ಚಿದ ಹಂದಿಮಾಂಸ ಬೀಳುತ್ತದೆ. ಸೋಯಾ ಪನೀರಿನ ಖಾರದ ಅಡುಗೆ ಮಾಪೋ ತೋಫುವಿಗೂ ಅಷ್ಟೇ. ಬದನೆಕಾಯಿಯ ಎಷ್ಟೋ ಅಡುಗೆಗಳಿಗೂ ಅಷ್ಟೇ. ಬೀಜಿಂಗ್‌ನ ಹೆಸರುವಾಸಿ ಜಾಜಿಯಾಂಗ್‌ಮಿಯೆನ್ ನೂಡಲ್ಸ್‌ನ ಕಪ್ಪು ಸೋಯಾ ಗೊಜ್ಜು ಹಂದಿಮಾಂಸದಲ್ಲೇ ಹುರಿದದ್ದು. ಕೆಲವು ಕಡೆ ಮೊಟ್ಟೆ ಹಾಕಿದ್ದೂ ಮಾಡುತ್ತಾರೆ, ವಿಚಾರಿಸಿ. ‘ರೋ’ ಅಂದರೆ ಮಾಂಸ, ಬರೀ ‘ರೋ’ ಅಂತ ಹೇಳಿದರೆ ಅಲ್ಲಿ ಹಂದಿಮಾಂಸ ಅಂತಲೇ ಲೆಕ್ಕ. ಆದ್ದರಿಂದ ‘ಮಾಂಸ ತಿನ್ನುವುದಿಲ್ಲ’ ಅನ್ನುವ ಒಂದೇ ವಾಕ್ಯ ಸಾಲದು. ಮಾಂಸ, ಕೊಚ್ಚಿದ ಮಾಂಸ, ಕೋಳಿ, ಮೀನು, ಸಿಗಡಿ, ಒಣ ಸಿಗಡಿ, ಆಯ್ಸ್ಟರ್ ಸಾಸ್, ಕೋಳಿ ಪುಡಿ ಯಾವುದೂ ಬೇಡ, ಮೊಟ್ಟೆ ಆಗುತ್ತದೆ ಎಂದು ಆಫೀಸಿನ ಯಾರ ಹತ್ತಿರವಾದರೂ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಕೋಳಿ ಪುಡಿಯನ್ನು ಮರೆಯಬೇಡಿ, ಉಪ್ಪಿನ ಪಕ್ಕದ ಡಬ್ಬಿಯಲ್ಲಿ ಅದು ಕಾಯಂ ಇರುತ್ತದೆ, ಬಾಣಸಿಗ ಕೈಗೆ ಬಂದಂತೆ ಚಿಮುಕಿಸುತ್ತಾನೆ.

ಸಣ್ಣ ಹೋಟೆಲ್ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇಲ್ಲಿದೆ. ಮಾಲ್‌ಗಳ ಚೈನ್ ರೆಸ್ಟೋರೆಂಟ್‌ಗಳಲ್ಲಿ ಸಾಸ್, ಗೊಜ್ಜು, ಎಷ್ಟೋ ಕಡೆ ಅಡುಗೆಯೇ ಬೇರೆಲ್ಲೋ ಇರುವ ದೊಡ್ಡ ಅಡುಗೆಮನೆಯಿಂದ ಪ್ಯಾಕೆಟ್‌ನಲ್ಲಿ ಬರುತ್ತದೆ. ಅದರಿಂದ ಮಾಂಸ ತೆಗೆಯಿರಿ ಅಂದರೆ ಪಾಪ ಹುಡುಗರು ಏನು ಮಾಡಬೇಕು? ಗೇಟಿನಾಚೆಯ ಹೋಟೆಲ್‌ನಲ್ಲಿ ನೀವು ಕೇಳಿದ ಮೇಲೆ ತರಕಾರಿ ಹೆಚ್ಚುತ್ತಾರೆ, ಒಂದು ಬಾಣಲೆಯಲ್ಲಿ ನಿಮ್ಮದೊಂದೇ ಅಡುಗೆ ಆಗುತ್ತದೆ, ಬಾಣಸಿಗ ಕೂಗಿದರೆ ಕೇಳುವಷ್ಟು ಹತ್ತಿರ ಇರುತ್ತಾನೆ. ನಮ್ಮ ಹೋಟೆಲ್‌ನ ಒಡತಿಯನ್ನು ಎಲ್ಲರೂ ಲಾವೊಬಾನ್‌ನ್ಯಾಂಗ್ ಅಂತಲೇ ಕರೆಯುತ್ತಿದ್ದರು, ಯಜಮಾನಿ ಅಂದಹಾಗೆ. ನನ್ನ ಫೋನಿನ ಚೀಟಿಯನ್ನು ಮೊದಲ ಸಲ ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು, ಒಳಗೆ ಹೋಗಿ ಬಾಣಸಿಗನಿಗೂ ಓದಿ ಹೇಳಿದರು. ಆಮೇಲೆ ಚೀಟಿ ಬೇಕಾಗಲಿಲ್ಲ. ಹೊಸ ಹುಡುಗಿ ಆರ್ಡರ್ ತೆಗೆದುಕೊಂಡರೆ ಆಕೆಯೇ ಗಲ್ಲಾದಿಂದ ‘ಅವರಿಗೆ ಒಣ ಸಿಗಡಿ ಹಾಕಬೇಡ’ ಅಂತ ಕೂಗುತ್ತಿದ್ದರು. ಅದಕ್ಕೇ ವಾರಕ್ಕೊಂದು ಹೊಸ ಜಾಗ ಹುಡುಕಬೇಡಿ. ಒಂದು ಹೋಟೆಲ್ ಹಿಡಿದು ಅದಕ್ಕೇ ಮತ್ತೆ ಮತ್ತೆ ಹೋಗಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸುತ್ತಲಿನ ಅಜ್ಜ-ಅಜ್ಜಿಯರೂ ಕೊರಿಯರ್ ಹುಡುಗರೂ ಒಟ್ಟಿಗೆ ಕೂತು ತಿನ್ನುವ ಹೋಟೆಲ್ ಇದ್ದರೆ ಅದನ್ನೇ ಆರಿಸಿ.

ಕೂತ ಮೇಲೆ ಬಡಿಸುವವರನ್ನು ‘ಫೂವುಯುವಾನ್’ ಅಂತ ಗಟ್ಟಿಯಾಗಿ ಕರೆಯಿರಿ. ಅಲ್ಲಿ ಅದು ಒರಟಲ್ಲ, ಕರೆಯದಿದ್ದರೆ ಯಾರೂ ಬರುವುದಿಲ್ಲ. ಕುಡಿಯಲು ಬಿಸಿನೀರು ಬರುತ್ತದೆ. ಅನ್ನ ಪಲ್ಯದ ಜೊತೆಗೇ ಬೇಕಿದ್ದರೆ ‘ಈಗಲೇ ತನ್ನಿ’ ಅಂತ ಹೇಳಬೇಕು. ಇಲ್ಲದಿದ್ದರೆ ಅನ್ನ, ನೂಡಲ್ಸ್, ಜಿಯಾವ್‌ಜ ಎಲ್ಲ ಪಲ್ಯ ಮುಗಿಯುವ ಹೊತ್ತಿಗೆ ಬರುತ್ತವೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ, ಸತ್ತವರಿಗೆ ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತದೆ ಅಂತ ಬೇಸರಪಡುತ್ತಾರೆ. ದೊಂಗ್‌ಬೇ ಹೋಟೆಲ್‌ಗಳ ತಟ್ಟೆ ಬಹಳ ದೊಡ್ಡದು. ಮೂರು ಜನಕ್ಕೆ ಎರಡು ಪಲ್ಯ, ಸ್ವಲ್ಪ ಜಿಯಾವ್‌ಜ ಸಾಕು. ಹೆಚ್ಚು ಹೇಳಿದರೆ ಅವರೇ ‘ಸಾಕು’ ಅನ್ನುತ್ತಾರೆ. ಅಂಥ ಮಾತನ್ನು 2021ರಲ್ಲಿ ಬಂದ ಆಹಾರ ಪೋಲು ತಡೆ ಕಾನೂನೂ ಹೇಳುತ್ತದೆ. ಉಳಿದರೆ ಕಟ್ಟಿಸಿಕೊಳ್ಳಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ದುಡ್ಡು ಕೊಡುವುದು ಫೋನಿನ ವೀಚಾಟ್ ಅಥವಾ ಅಲಿಪೇ ಆ್ಯಪ್‌ನಲ್ಲಿ. 2023ರಿಂದ ಹೊರದೇಶದ ಕಾರ್ಡನ್ನು ಅದಕ್ಕೆ ಜೋಡಿಸುವುದು ಸುಲಭವಾಗಿದೆ.

ನಿಮ್ಮ ಮನೆಯವರಿಗೆ ಚಳಿಗಾಲದಲ್ಲಿ ಶ್ವಾನ್ ಯಾಂಗ್‌ರೋ ತಪ್ಪಿಸಬೇಡಿ. ಕೆಂಡ ತುಂಬಿದ ತಾಮ್ರದ ಪಾತ್ರೆಯ ಕುದಿನೀರಿಗೆ ಕಾಗದದಷ್ಟು ತೆಳ್ಳಗಿನ ಕುರಿಮಾಂಸ ಅದ್ದಿ, ಎಳ್ಳಿನ ಗೊಜ್ಜಿನಲ್ಲಿ ಹೊರಳಿಸಿ ತಿನ್ನುವುದು. ಜೀರಿಗೆ ಉದುರಿಸಿ ಸುಟ್ಟ ಕುರಿಮಾಂಸದ ಕಡ್ಡಿಗಳೂ ಅವರಿಗೆ ಹಿಡಿಸುತ್ತವೆ. ಹಂದಿಮಾಂಸ ಬೇಡ ಅನ್ನುವುದಾದರೆ ಹ್ವೇ ಮುಸ್ಲಿಮರು ನಡೆಸುವ, ‘ಛಿಂಗ್‌ಜನ್’ ಅಂದರೆ ಹಲಾಲ್ ಅಂತ ಬರೆದ ಹೋಟೆಲ್‌ಗಳಿಗೆ ಹೋಗಲಿ. ಅಲ್ಲಿ ಹಂದಿಮಾಂಸ ಇರುವುದಿಲ್ಲ, ಹೆಚ್ಚಾಗಿ ಕುರಿ ಮತ್ತು ದನದ ಮಾಂಸ. ಲಾನ್‌ಜೌ ನೂಡಲ್ಸ್ ಅಂಗಡಿಗಳು ಇದೇ ಗುಂಪಿನವು. ಅಲ್ಲಿನ ಸಾರು ದನದ ಮೂಳೆಯದು, ನಿಮಗೆ ಆಗುವುದಿಲ್ಲ, ಆದರೆ ಸಾರಿಲ್ಲದೆ ಟೊಮೆಟೊ-ಮೊಟ್ಟೆ ಕಲಸಿದ ನೂಡಲ್ಸ್ ಕೇಳಿ. ಹಿಟ್ಟಿನ ಉಂಡೆಯನ್ನು ಹಿಗ್ಗಿಸಿ, ಬಡಿದು, ಮಡಚಿ, ಮತ್ತೆ ಹಿಗ್ಗಿಸಿ ಎಳೆಯಾಗಿಸುವುದು ಎದುರಿಗೇ ಕಾಣುತ್ತದೆ. ಕೂದಲೆಳೆಯಷ್ಟು ಸಣ್ಣದರಿಂದ ಬೆಲ್ಟಿನಷ್ಟು ಅಗಲದವರೆಗೆ ಯಾವ ದಪ್ಪ ಬೇಕು ಅಂತ ಮಗಳನ್ನೇ ಕೇಳಿ, ಅದನ್ನೇ ಎಳೆದು ಕೊಡುತ್ತಾರೆ. ಖಾರ ಬೇಡ ಅಂತ ಹೇಳುವುದನ್ನು ಮಾತ್ರ ಮರೆಯಬೇಡಿ. ಮಗುವಿಗೆ ನವಣೆ ಗಂಜಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಸಪ್ಪೆ ಮಾನ್‌ಥೌ ಬನ್ನು ಸುಲಭವಾಗಿ ಸಿಗುತ್ತವೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ಮಧ್ಯಾಹ್ನ ಎರಡರಿಂದ ಸಂಜೆ ಐದರವರೆಗೆ ಹಲವು ಸಣ್ಣ ಹೋಟೆಲ್‌ಗಳ ಒಲೆ ಆರಿರುತ್ತದೆ. ರಾತ್ರಿ ಊಟವೂ ಬೇಗ, ನಮ್ಮ ಒಂಬತ್ತು ಗಂಟೆಯ ಲೆಕ್ಕದಲ್ಲಿ ಹೋದರೆ ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟಿರುತ್ತಾರೆ. ಜನವರಿ-ಫೆಬ್ರವರಿಯಲ್ಲಿ ವಸಂತ ಹಬ್ಬ ಬರುತ್ತದೆ. ಇಂಥ ಹೋಟೆಲ್ ನಡೆಸುವವರಲ್ಲಿ ಬಹಳ ಮಂದಿ ಬೇರೆ ಪ್ರಾಂತ್ಯದವರು, ಒಂದು-ಎರಡು ವಾರ ಬಾಗಿಲು ಹಾಕಿ ಊರಿಗೆ ಹೋಗಿಬಿಡುತ್ತಾರೆ. ಮತ್ತೆ ತೆರೆಯುವ ದಿನವನ್ನು ಬಾಗಿಲಿಗೆ ಅಂಟಿಸಿರುತ್ತಾರೆ, ಫೋಟೋ ತೆಗೆದಿಟ್ಟುಕೊಳ್ಳಿ. ಅವರು ಹೊರಡುವ ಮುಂಚೆ ಬೇಯಿಸದ ಜಿಯಾವ್‌ಜ ಕೇಳಿ ಕೊಂಡು ಫ್ರೀಜರ್‌ನಲ್ಲಿ ಇಟ್ಟುಕೊಂಡರೆ ಆ ದಿನಗಳೂ ನಡೆಯುತ್ತವೆ. ಕುದಿಯುವ ನೀರಿಗೆ ಹಾಕಿ, ಮತ್ತೆ ಉಕ್ಕಿ ಬಂದಾಗಲೆಲ್ಲ ಒಂದು ಲೋಟ ತಣ್ಣೀರು ಸುರಿಯಿರಿ. ಹೀಗೆ ಮೂರು ಸಲ ಆದರೆ ಸೊಪ್ಪು-ಮೊಟ್ಟೆಯದು ಬೆಂದ ಹಾಗೆ.