ಪ್ರತಿಕ್ರಿಯೆ: ಗಾಳಿ ಬಿಟ್ಟರ ಬುಸ್ ಅಂತೈತಿ, ಎಂಜಿನ್ ತಿರುಗವಲ್ದು

ಸಿಲಿಂಡರ್ ಮುಖ ಪೋರ್ಟ್ ಪ್ಲೇಟಿಗೆ (ಗಾಳಿ ಒಳಗ-ಹೊರಗ ಹೋಗೋ ತೂತು, ಅಂದ್ರ ಪೋರ್ಟ್, ಇರೋ ತಟ್ಟಿಗೆ) ಸರಿಯಾಗಿ ಕೂತಿಲ್ಲ, ಅದಕ್ಕ ನಿಮ್ಮ ವಾಬ್ಲರ್ ಎಂಜಿನ್ (ಸಿಲಿಂಡರೇ ಪಿನ್ನಿನ ಮ್ಯಾಲ ತೂಗಾಡೋ ಸಣ್ಣ ಮಾದರಿ ಎಂಜಿನ್) ಗಾಳಿ ಸೋರಿ ಅರ್ಧ ಸುತ್ತಿಗೇ ನಿಲ್ಲತೈತಿ. ಪಿವಟ್ ತೂತು, ಅಂದ್ರ ಸಿಲಿಂಡರ್ ತೂಗಾಡೋ ಪಿನ್ನಿನ ತೂತು, ಕೈ ಡ್ರಿಲ್ಲಿನಾಗ ಹಾಕೇನಿ ಅಂತ ಬರದೀರಿ. ನನ್ನ ಮೊದಲನೇದೂ ಹಂಗ ಕೆಟ್ಟಿತ್ತು.

ಮುಖಕ್ಕ ಮಾರ್ಕರ್ ಬಳಿದು, ಪಿನ್ನು, ಸಿಲಿಂಡರ್ ಪ್ಲೇಟಿಗೆ ಒತ್ತಿ ಹಿಡಿಯೋ ಸ್ಪ್ರಿಂಗು ಹಾಕಿ ಹತ್ತಿಪ್ಪತ್ತು ಸಲ ತೂಗಾಡಸ್ರಿ. ಮಸಿ ಒಂದ ಅಂಚಿಗಷ್ಟ ಅಳಸಿದ್ರ ಪಿನ್ ವಾರಿ ಆಗೇತಿ. ಅದು ತಿಕ್ಕಿದ್ರ ಹೋಗಂಗಿಲ್ಲ; ತೂತು ಮುಚ್ಚಿ, ಬೆಳಗಾವಿ ಉದ್ಯಮಬಾಗದಾಗ ಯಾವುದರ ಲೇಥ್ ಅಂಗಡ್ಯಾಗ ಪಿಲ್ಲರ್ ಡ್ರಿಲ್ಲಿನಿಂದ (ಕಂಬಕ್ಕ ಕೂಡ್ಸಿದ, ನೆಟ್ಟಗ ಇಳಿಯೋ ಡ್ರಿಲ್) ಮತ್ತ ಹಾಕಿಸ್ರಿ. ಅಲ್ಲಲ್ಲಿ ಅಳಸಿದ್ರ ಸಸಾರ: ದಪ್ಪ ಗಾಜಿನ ಮ್ಯಾಲ 400 ನಂಬರ್ ವಾಟರ್ ಪೇಪರ್, ಆಮ್ಯಾಲ 800, ಎಂಟರ ಆಕಾರದಾಗ ತಿಕ್ರಿ. ಪ್ಲೇಟಿಗೂ ಹಂಗ ಮಾಡ್ರಿ. ಸೀಮೆಎಣ್ಣ್ಯಾಗ ಚಂದಂಗ ತೊಳೀರಿ, ಇಲ್ಲಾಂದ್ರ ಆ ಪುಡಿ ಪಿಸ್ಟನ್ ತಿಂತೈತಿ.

ಸ್ಪ್ರಿಂಗ್ ಬಿಗಿ ಮಾಡಿ ಸೋರಿಕೆ ನಿಲ್ಲಸಾಕ ಹೋಗಬ್ಯಾಡ್ರಿ, ತಿಕ್ಕಾಟಕ್ಕ ಎಂಜಿನ್ ಹಿಡಕೋತೈತಿ.

ಒಂದ ಹನಿ ಮಷೀನ್ ಎಣ್ಣಿ ಬಿಟ್ಟು 10–15 ಪಿಎಸ್‌ಐ (ಒತ್ತಡದ ಅಳತಿ) ಗಾಳಿ ಕೊಡ್ರಿ. ಆಗ್ಲೂ ನಿಂತ್ರ ಪೋರ್ಟಿನ ಜಾಗ ತಪ್ಪಿರಬಹುದು, ಫೋಟೋ ನೋಡದ ಖಾತ್ರಿ ಹೇಳಾಕಾಗಂಗಿಲ್ಲ. ಪಿಸ್ಟನ್ ಪೂರ್ತಿ ಮ್ಯಾಲ, ಪೂರ್ತಿ ಕೆಳಗ ಇದ್ದಾಗ ಎರಡೂ ಪೋರ್ಟ್ ಮುಚ್ಚಿರಬೇಕು; ನಳಿಗಿ ಬಾಯಾಗಿಟ್ಟು ಊದಿದ್ರ ಗೊತ್ತಾಗತೈತಿ.