ಶಾಲೆಯಲ್ಲಿ ಪುಸ್ತಕಗಳಿದ್ದರೂ ಮಕ್ಕಳು ಓದುತ್ತಿಲ್ಲ, ಏನು ಮಾಡಬೇಕು?

ಮೊದಲು ಬೀರುವಿನ ಬೀಗ ತೆಗೆಯಿರಿ. ಪ್ರತಿ ಶಾಲೆಯಲ್ಲೂ ಪತ್ರಿಕೆ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಆದರೆ ಹರಿದರೆ ಲೆಕ್ಕ ಕೊಡಬೇಕಾದೀತೆಂಬ ಅಂಜಿಕೆಯಲ್ಲಿ ಎಷ್ಟೋ ಪುಸ್ತಕಗಳು ಮಡಿಕೆ ಬಿಚ್ಚದೆಯೇ ಹಳತಾಗುತ್ತವೆ. ಹರಿಯಲಿ ಬಿಡಿ, ಗೋಂದು ಯಾವ ಊರಲ್ಲಿ ಸಿಗುವುದಿಲ್ಲ? ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ನೇತುಹಾಕಿ. ಸಾಲಾಗಿ ಜೋಡಿಸಿಟ್ಟದ್ದರಲ್ಲಿ ಹೆಸರು ಹುಡುಕುವುದು ದೊಡ್ಡವರ ಅಭ್ಯಾಸ. ಮಗು ಚಿತ್ರ ನೋಡಿ ಕೈ ಚಾಚುತ್ತದೆ.

ಇನ್ನು ದಿನಕ್ಕೆ 15 ನಿಮಿಷ ಶಿಕ್ಷಕರೇ ಗಟ್ಟಿಯಾಗಿ ಓದಿ ಹೇಳಬೇಕು. ಹುಲಿ ಗುಹೆಯ ಬಾಗಿಲಿಗೆ ಬಂದಾಗ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿ. ಊಟದ ಬಿಡುವಿನಲ್ಲಿ ಯಾರಾದರೊಬ್ಬರು ಅದನ್ನು ತೆರೆಯದೆ ಇರಲಾರರು. ಓದಿದ ಮೇಲೆ 'ಕಥೆಯ ನೀತಿ ಏನು?' ಎಂದು ಮಾತ್ರ ಕೇಳಬೇಡಿ. ಅದು ಪಾಯಸದ ಕೊನೆಗೆ ಕಷಾಯ ಕುಡಿಸಿದಂತೆ.

ಐದನೆಯ ತರಗತಿಯ ಮಗು ತಡವರಿಸಿ ಓದುತ್ತಿದ್ದರೆ, ನಾಚಿಕೆಪಡಿಸದೆ ಪುಟಕ್ಕೆರಡು ಸಾಲಿನ ಚಿತ್ರಪುಸ್ತಕ ಕೊಡಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದುವ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ಮರೆಯಬೇಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಒಂದು ಶನಿವಾರ ಇಡೀ ತರಗತಿಯನ್ನು ಕರೆದುಕೊಂಡು ಹೋಗಿ ಹೆಸರು ಬರೆಸಿ ಬನ್ನಿ.